ಟಿವಿಗೆ ವೈಫೈ ಜೋಡಣೆ: ಮೊದಲು ಗೋಡೆ ನೋಡಿ, ಆಮೇಲೆ ಮೆನು

ಟಿವಿ ವೈಫೈ ಹಿಡಿಯುತ್ತಿಲ್ಲ ಎಂದ ಕೂಡಲೇ ಎಲ್ಲರೂ ರಿಮೋಟ್ ಹಿಡಿದು ಸೆಟ್ಟಿಂಗ್ಸ್ ಹೊಕ್ಕುಬಿಡುತ್ತಾರೆ. ಅರ್ಧ ಗಂಟೆ ಅಲ್ಲೇ ಸುತ್ತಿ, ಕೊನೆಗೆ ಫ್ಯಾಕ್ಟರಿ ರೀಸೆಟ್ ಒತ್ತಿ, ಇದ್ದ ಆ್ಯಪ್‌ಗಳನ್ನೂ ಲಾಗಿನ್‌ಗಳನ್ನೂ ಕಳೆದುಕೊಂಡು ಕೂರುತ್ತಾರೆ. ತೊಂದರೆ ಮಾತ್ರ ಹಾಗೇ ಉಳಿದಿರುತ್ತದೆ. ಅದು ಟಿವಿಯ ಮೆನುವಿನಲ್ಲಿ ಇರಲೇ ಇಲ್ಲ. ನಡುವಿನ ಗೋಡೆಯಲ್ಲೋ, ಮುಂಬಾಗಿಲ ಮೇಲೆ ಮೊಳೆಗೆ ನೇತುಹಾಕಿದ ರೂಟರ್‌ನಲ್ಲೋ, ಬೀದಿಯಲ್ಲಿ ತುಂಡಾದ ಫೈಬರ್‌ನಲ್ಲೋ ಇತ್ತು.

ಆದ್ದರಿಂದ ಮೊದಲು ಇಷ್ಟು ತಲೆಯಲ್ಲಿಟ್ಟುಕೊಳ್ಳಿ: ಟಿವಿಯಿಂದ ರೂಟರ್‌ವರೆಗೆ ಒಂದು ದಾರಿ, ರೂಟರ್‌ನಿಂದ ಹೊರಗಿನ ಇಂಟರ್ನೆಟ್‌ಗೆ ಇನ್ನೊಂದು ದಾರಿ. ಪಾಸ್‌ವರ್ಡ್, ಸಿಗ್ನಲ್, ಬ್ಯಾಂಡ್ (ವೈಫೈ ಸಾಗುವ ರೇಡಿಯೊ ತರಂಗದ ಪಟ್ಟೆ) ಮೊದಲ ದಾರಿಯ ವಿಚಾರ. ರೀಚಾರ್ಜ್ ಮುಗಿದದ್ದು, ಫೈಬರ್ ಕಡಿದದ್ದು ಎರಡನೆಯ ದಾರಿಯದು. ಯಾವುದು ಕೆಟ್ಟಿದೆ ಎಂದು ತಿಳಿಯದೆ ಗುಂಡಿ ಒತ್ತುತ್ತಾ ಹೋದರೆ ಸರಿಯಿದ್ದದ್ದನ್ನೂ ಕೆಡಿಸಿಕೊಳ್ಳುತ್ತೇವೆ.

ಫೋನ್ ಹಿಡಿದು ಟಿವಿಯ ಬೆನ್ನಿಗೆ ಹೋಗಿ

ಸೋಫಾದ ಮೇಲೆ ಕೂತು ನೋಡಿದ ಸಿಗ್ನಲ್ ಲೆಕ್ಕಕ್ಕಿಲ್ಲ. ಟಿವಿಯ ವೈಫೈ ಆಂಟೆನಾ ಇರುವುದು ಅದರ ಹಿಂಬದಿಯಲ್ಲಿ, ಪರದೆಗೂ ಗೋಡೆಗೂ ನಡುವಿನ ಎರಡು ಮೂರು ಇಂಚಿನ ಸಂದಿಯಲ್ಲಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮಾತ್ರ ಇಟ್ಟುಕೊಂಡು, ಫೋನನ್ನು ಆ ಸಂದಿಯ ಬಾಯಿಗೆ ಹಿಡಿದು ಸ್ಪೀಡ್ ನೋಡಿ. ಬ್ರೌಸರ್‌ನಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆದರೆ ಸಾಕು.

ಎಷ್ಟು ಬೇಕು? ಫುಲ್ ಎಚ್‌ಡಿ ವಿಡಿಯೊಗೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15 ಮೆಗಾಬಿಟ್ ಇರಲಿ ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಯೂಟ್ಯೂಬ್ 4ಕೆಗೆ 20 ಇದ್ದರೆ ನಿಶ್ಚಿಂತೆ. ಮನೆಯಲ್ಲಿ ಇನ್ನಿಬ್ಬರು ಫೋನ್ ನೋಡುತ್ತಿರುತ್ತಾರೆ ಎಂದು ಅದಕ್ಕೆ ಇನ್ನೊಂದಿಷ್ಟು ಸೇರಿಸಿಕೊಳ್ಳಿ.

ಫೋನ್‌ಗೆ ಅಲ್ಲಿ 30 ಬಂದು ಟಿವಿಗೆ ಮಾತ್ರ ಬರದಿದ್ದರೆ ಟಿವಿಯ ಸೆಟ್ಟಿಂಗ್ ನೋಡಬೇಕು. ರೂಟರ್ ಪಕ್ಕದಲ್ಲಿ 90 ಬಂದು ಟಿವಿಯ ಬೆನ್ನಲ್ಲಿ 4 ಬಂದರೆ ತೊಂದರೆ ಗೋಡೆಯದು, ದೂರದ್ದು. ರೂಟರ್ ಪಕ್ಕದಲ್ಲೇ ಏನೂ ಬರದಿದ್ದರೆ ಟಿವಿಯನ್ನು ಮುಟ್ಟಬೇಡಿ, ನೆಟ್‌ನವರಿಗೆ ಫೋನ್ ಮಾಡಿ. ಇಷ್ಟಕ್ಕೆ ಐದು ನಿಮಿಷ ಸಾಕು.

2.4 ಮತ್ತು 5: ಹೆಚ್ಚಿನ ಗೋಳು ಇಲ್ಲೇ

ಈಗಿನ ಫೈಬರ್ ರೂಟರ್‌ಗಳು ಬಹುತೇಕ ಎರಡು ಬ್ಯಾಂಡ್‌ನವು. 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲಕ್ಕೂ ಅದೇ ಬಯಲು. 5 ಗಿಗಾಹರ್ಟ್ಸ್ ವೇಗದ್ದು, ಗದ್ದಲ ಕಡಿಮೆ, ಆದರೆ ಒಂದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಆರ್‌ಸಿಸಿ ಗೋಡೆ, ತಾರಸಿ, ಮಲೆನಾಡು ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ ಬಂದರೆ ಕೇಳಲೇ ಬೇಡಿ. ಕನ್ನಡಿ ಇರುವ ಕಬ್ಬಿಣದ ಬೀರು, ಮೀನಿನ ತೊಟ್ಟಿ, ಫ್ರಿಜ್ ನಡುವೆ ಬಂದರೂ ಅಷ್ಟೇ.

ಕೈಗೆಟುಕುವ ಬೆಲೆಯ ಎಷ್ಟೋ ಟಿವಿಗಳಲ್ಲಿ 2.4 ಮಾತ್ರ ಇರುತ್ತದೆ. ಡಬ್ಬದ ಮೇಲೆ 'ಡ್ಯುಯಲ್ ಬ್ಯಾಂಡ್' ಎಂದು ಬರೆದಿಲ್ಲದಿದ್ದರೆ ಇಲ್ಲವೆಂದೇ ತಿಳಿಯಿರಿ. ಅಂಥ ಟಿವಿಯ ಪಟ್ಟಿಯಲ್ಲಿ ಕೊನೆಗೆ '5ಜಿ' ಎಂದಿರುವ ನಿಮ್ಮ ನೆಟ್‌ವರ್ಕ್ ಹೆಸರು ಎಷ್ಟು ಹುಡುಕಿದರೂ ಬರುವುದಿಲ್ಲ. ಟಿವಿ ಕೆಟ್ಟಿಲ್ಲ, ಅದಕ್ಕೆ ಆ ಕಿವಿಯೇ ಇಲ್ಲ. ಅಂದಹಾಗೆ ಈ '5ಜಿ'ಗೂ ಮೊಬೈಲ್‌ನ 5ಜಿಗೂ ಸಂಬಂಧವಿಲ್ಲ; ಬ್ಯಾಂಡ್ ಗುರುತಿಸಲು ಹೆಸರಿಗೆ ಹಚ್ಚಿದ ಬಾಲ ಅದು.

ಎರಡೂ ಬ್ಯಾಂಡ್ ಇರುವ ಟಿವಿಯಲ್ಲೂ 5 ಗಿಗಾಹರ್ಟ್ಸ್ ಕೆಲವು ಸಲ ಮಾಯವಾಗುತ್ತದೆ. ಬ್ಯಾಂಡಿನೊಳಗೆ ಚಾನೆಲ್ ಎಂಬ ಸಣ್ಣ ಓಣಿಗಳಿವೆ (ಟಿವಿ ಚಾನೆಲ್ ಅಲ್ಲ); ರೂಟರ್ ತನ್ನಷ್ಟಕ್ಕೆ 52ರಿಂದ 144ರವರೆಗಿನವುಗಳಲ್ಲಿ ಒಂದಕ್ಕೆ ಹೋಗಿ ಕೂತಿರುತ್ತದೆ. ಅವು ರಾಡಾರ್‌ ಜತೆ ಹಂಚಿಕೊಂಡ ಚಾನೆಲ್‌ಗಳು; ಕೆಲವು ಟಿವಿಗಳು ಮತ್ತು ಟಿವಿಗೆ ಚುಚ್ಚುವ ಫೈರ್ ಟಿವಿಯಂಥ ಸ್ಟಿಕ್‌ಗಳು ಅವನ್ನು ಕಾಣುವುದಿಲ್ಲ. ರೂಟರ್‌ನ ಪುಟದಲ್ಲಿ 'ಆಟೊ' ತೆಗೆದು 36, 40, 44, 48ರಲ್ಲಿ ಒಂದನ್ನೋ, 149ರಿಂದ 161ರ ನಡುವಿನದನ್ನೋ ಆರಿಸಿದರೆ ಹೆಸರು ಪಟ್ಟಿಗೆ ಬರುತ್ತದೆ. ಅಮೆರಿಕದಿಂದ ತಂದ ಟಿವಿ ಅಥವಾ ಸ್ಟಿಕ್ ಆದರೆ 2.4ರಲ್ಲೂ ಇಂಥದೇ ಕಾಟ: ಅಲ್ಲಿ ಬಳಕೆಯಲ್ಲಿರುವುದು 1ರಿಂದ 11, ಇಲ್ಲಿ 13ರವರೆಗೆ. ನಿಮ್ಮ ರೂಟರ್ 12 ಅಥವಾ 13ರಲ್ಲಿದ್ದರೆ ಅದಕ್ಕೆ ಕಾಣದು.

ರೂಟರ್‌ನ ಪುಟ ತೆರೆಯಲು, ಅದೇ ವೈಫೈಯಲ್ಲಿರುವ ಫೋನಿನ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹೊಡೆಯಿರಿ. ಜಿಯೋಫೈಬರ್ ಆದರೆ 192.168.29.1. ಒಳಹೋಗುವ ಹೆಸರು, ಪಾಸ್‌ವರ್ಡ್ ರೂಟರ್‌ನ ತಳದ ಸ್ಟಿಕ್ಕರ್ ಮೇಲೆ ಇರುತ್ತವೆ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆ.

ಒಂದೇ ಹೆಸರಿನಲ್ಲಿ ಎರಡೂ ಬ್ಯಾಂಡ್ ಬಿಡುವ ರೂಟರ್‌ಗಳಲ್ಲಿ ಹಳೆಯ ಟಿವಿ ಗೊಂದಲಕ್ಕೆ ಬೀಳುತ್ತದೆ. ಸೇರುತ್ತದೆ, ಬಿಡುತ್ತದೆ, ಮತ್ತೆ ಸೇರುತ್ತದೆ. 'ಬ್ಯಾಂಡ್ ಸ್ಟೀರಿಂಗ್' ಅಥವಾ 'ಸ್ಮಾರ್ಟ್ ಕನೆಕ್ಟ್' ಎಂಬ ಆಯ್ಕೆಯನ್ನು ಆಫ್ ಮಾಡಿ ಎರಡಕ್ಕೂ ಬೇರೆ ಹೆಸರು ಕೊಡಿ. ಆಮೇಲೆ ಲೆಕ್ಕ ಸುಲಭ: ರೂಟರ್ ಮತ್ತು ಟಿವಿ ಒಂದೇ ಕೋಣೆಯಲ್ಲಿದ್ದರೆ, ಅಥವಾ ನಡುವೆ ಒಂದು ಇಟ್ಟಿಗೆ ಗೋಡೆ ಮಾತ್ರ ಇದ್ದರೆ 5, ಎರಡು ಗೋಡೆ ದಾಟಬೇಕಾದರೆ 2.4.

ಮೆನು ಹಾದಿ

ಆಂಡ್ರಾಯ್ಡ್ ಟಿವಿ, ಗೂಗಲ್ ಟಿವಿ: ಮೇಲೆ ಬಲಮೂಲೆಯ ಹಲ್ಲುಚಕ್ರದ ಗುರುತು ಒತ್ತಿ, ಸೆಟ್ಟಿಂಗ್ಸ್ › ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್ › ವೈಫೈ ಆನ್ › ನಿಮ್ಮ ಹೆಸರು › ಪಾಸ್‌ವರ್ಡ್. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ 'ಸೀ ಆಲ್' ಒತ್ತಿ ನೋಡಿ. ಸೋನಿ, ಟಿಸಿಎಲ್, ಶಿಯೋಮಿ ಟಿವಿಗಳಲ್ಲಿ ಹೆಚ್ಚಿನವು ಈ ಗುಂಪಿನವು.

ಸ್ಯಾಮ್‌ಸಂಗ್: ಹೊಸದರಲ್ಲಿ ಸೆಟ್ಟಿಂಗ್ಸ್ › ಆಲ್ ಸೆಟ್ಟಿಂಗ್ಸ್ › ಕನೆಕ್ಷನ್ › ನೆಟ್‌ವರ್ಕ್ › ಓಪನ್ ನೆಟ್‌ವರ್ಕ್ ಸೆಟ್ಟಿಂಗ್ಸ್ › ವೈರ್‌ಲೆಸ್. ಕೆಲವು ವರ್ಷ ಹಳೆಯದಾದರೆ ಕನೆಕ್ಷನ್ ಬದಲು 'ಜನರಲ್' ಒಳಗೆ ನೆಟ್‌ವರ್ಕ್ ಇರುತ್ತದೆ.

ಎಲ್‌ಜಿ: ಆಲ್ ಸೆಟ್ಟಿಂಗ್ಸ್ › ಜನರಲ್ › ನೆಟ್‌ವರ್ಕ್ › ವೈಫೈ ಕನೆಕ್ಷನ್. ಹಳೆಯದರಲ್ಲಿ ನೆಟ್‌ವರ್ಕ್ ಎಂಬುದು ಆಲ್ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ.

ಫೈರ್ ಟಿವಿ ಸ್ಟಿಕ್: ಸೆಟ್ಟಿಂಗ್ಸ್ › ನೆಟ್‌ವರ್ಕ್ › ಹೆಸರು. ಸೇರಿದ ಮೇಲೆ ಆ ಹೆಸರಿನ ಮೇಲೆ ನಿಂತು ಪ್ಲೇ ಗುಂಡಿ ಒತ್ತಿದರೆ ವೈಫೈ ಸರಿಯೇ, ಇಂಟರ್ನೆಟ್ ಸರಿಯೇ ಎಂದು ಬೇರೆಬೇರೆಯಾಗಿ ತೋರಿಸುತ್ತದೆ. ಮೇಲೆ ಹೇಳಿದ ಎರಡು ದಾರಿಯ ಪರೀಕ್ಷೆಯೇ ಅದು.

ಪಾಸ್‌ವರ್ಡ್ ಹೊಡೆಯುವುದು ರಿಮೋಟ್‌ನಲ್ಲಿ ಶಿಕ್ಷೆ. ಕನಿಷ್ಠ 8 ಅಕ್ಷರ ಇದ್ದೇ ಇರುತ್ತದೆ, ದೊಡ್ಡಕ್ಷರ ಸಣ್ಣಕ್ಷರ ಬೇರೆಬೇರೆ, ಖಾಲಿ ಜಾಗವೂ ಒಂದು ಅಕ್ಷರವೇ. ಸ್ಟಿಕ್ಕರ್ ಓದುವಾಗ ಸೊನ್ನೆ ಮತ್ತು ಇಂಗ್ಲಿಷ್ ಓ, ಒಂದು ಮತ್ತು ಸಣ್ಣ ಎಲ್ ಮತ್ತು ದೊಡ್ಡ ಐ ಒಂದೇ ತರಹ ಕಾಣುತ್ತವೆ. 'ಶೋ ಪಾಸ್‌ವರ್ಡ್' ಎಂಬ ಚೌಕ ಇದ್ದರೆ ಗುರುತು ಹಾಕಿ, ಚುಕ್ಕಿಗಳನ್ನು ನಂಬಬೇಡಿ. ಹೊಸ ಗೂಗಲ್ ಟಿವಿಯನ್ನು ಮೊದಲ ಸಲ ಹಚ್ಚುವಾಗ ಪರದೆಯ ಮೇಲೆ ಬರುವ ಕ್ಯೂಆರ್ ಕೋಡನ್ನು ಗೂಗಲ್ ಹೋಮ್ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಟೈಪ್ ಮಾಡುವ ಕೆಲಸವೇ ತಪ್ಪುತ್ತದೆ. ಯುಎಸ್‌ಬಿ ಕೀಬೋರ್ಡ್ ಇದ್ದರೆ ಟಿವಿಗೆ ಚುಚ್ಚಿ ನೋಡಿ, ಹೆಚ್ಚಿನವು ಒಪ್ಪಿಕೊಳ್ಳುತ್ತವೆ.

ಡಬ್ಲ್ಯುಪಿಎಸ್ ಎಂಬ ಗುಂಡಿಯ ದಾರಿಯೂ ಉಂಟು: ಟಿವಿಯಲ್ಲಿ ಅದನ್ನು ಆರಿಸಿ, 2 ನಿಮಿಷದೊಳಗೆ ರೂಟರ್ ಮೇಲಿನ ಗುಂಡಿ ಒತ್ತಬೇಕು. ಕೆಲಸ ಮುಗಿದ ಮೇಲೆ ರೂಟರ್‌ನಲ್ಲಿ ಅದನ್ನು ಆಫ್ ಮಾಡುವುದೇ ಕ್ಷೇಮ. ಅದರ ಪಿನ್ ಪದ್ಧತಿಯ ದೌರ್ಬಲ್ಯ 2011ರಲ್ಲೇ ಬಯಲಾಗಿದೆ.

ಪಾಸ್‌ವರ್ಡ್ ಸರಿಯಿದ್ದರೂ ಟಿವಿ 'ತಪ್ಪು' ಎನ್ನುತ್ತಿದ್ದರೆ ರೂಟರ್‌ನ ಭದ್ರತಾ ಬಗೆ ನೋಡಿ. ಬರೀ ಡಬ್ಲ್ಯುಪಿಎ3 ಇಟ್ಟಿದ್ದರೆ ಹಳೆಯ ಟಿವಿಗಳು ಸೇರುವುದಿಲ್ಲ. ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ, ಇಲ್ಲವೇ ಡಬ್ಲ್ಯುಪಿಎ2 ಎಇಎಸ್ ಇಡಿ. ಟಿಕೆಐಪಿ ಆರಿಸಬೇಡಿ. ಅದು ಹಳತು ಮಾತ್ರವಲ್ಲ, ವೇಗವನ್ನೂ 54 ಮೆಗಾಬಿಟ್‌ಗೆ ಕಟ್ಟಿಹಾಕುತ್ತದೆ.

'ಕನೆಕ್ಟೆಡ್, ನೋ ಇಂಟರ್ನೆಟ್'

ಈ ಸಾಲು ಬಂದರೆ ಮೊದಲ ದಾರಿ ಸರಿಯಿದೆ ಎಂದರ್ಥ. ಪಾಸ್‌ವರ್ಡ್ ಮತ್ತೆ ಮತ್ತೆ ಹೊಡೆಯಬೇಡಿ. ರೂಟರ್‌ನ ದೀಪಗಳನ್ನು ನೋಡಿ. ಫೈಬರ್ ಸಂಪರ್ಕ ತೋರಿಸುವ ಪಾನ್ ಎಂಬ ಹಸಿರು ದೀಪ ಮಿನುಗದೆ ಉರಿಯಬೇಕು, ಎಲ್‌ಒಎಸ್ ಎಂಬುದು ಆರಿರಬೇಕು. ಎಲ್‌ಒಎಸ್ ಕೆಂಪಗೆ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ: ಹೊರಗೆ ಕಡಿದಿದೆ, ಅಥವಾ ಮನೆಯೊಳಗೇ ಬೀರುವಿನ ಕಾಲಿಗೆ ಸಿಕ್ಕು, ಬಾಗಿಲ ಸಂದಿಗೆ ಸಿಕ್ಕು ಮಡಚಿದೆ. ಆ ತೆಳ್ಳನೆಯ ತಂತಿಯನ್ನು ಬಟ್ಟೆ ಮಡಚಿದಂತೆ ಮಡಚಿದರೆ ಬೆಳಕು ಸೋರಿಹೋಗುತ್ತದೆ.

ದೀಪಗಳೆಲ್ಲ ಸರಿಯಿದ್ದು ಫೋನ್‌ನಲ್ಲೂ ಬರದಿದ್ದರೆ ರೀಚಾರ್ಜ್ ಮುಗಿದಿರಬಹುದು. ಫೋನಿನಲ್ಲಾದರೆ ಹಣ ಕಟ್ಟುವ ಪುಟ ತಾನಾಗಿ ತೆರೆದುಕೊಳ್ಳುತ್ತದೆ. ಟಿವಿಗೆ ಆ ಪುಟ ತೋರಿಸಲು ಬರುವುದಿಲ್ಲ, 'ನೋ ಇಂಟರ್ನೆಟ್' ಎಂದಷ್ಟೇ ಹೇಳುತ್ತದೆ. ಪಿಜಿ, ಹಾಸ್ಟೆಲ್, ಹೋಟೆಲಿನ ವೈಫೈಗಳಲ್ಲಿ ಲಾಗಿನ್ ಪುಟ ಇರುವುದರಿಂದಲೂ ಇದೇ ಆಗುತ್ತದೆ.

ಫೋನ್‌ನಲ್ಲಿ ಬಂದು ಟಿವಿಗೆ ಮಾತ್ರ ಬರದಿದ್ದರೆ ಟಿವಿಯ ದಿನಾಂಕ ನೋಡಿ. ಹೌದು, ದಿನಾಂಕ. ಬಹಳ ದಿನ ಪ್ಲಗ್ ಕಿತ್ತಿಟ್ಟ ಟಿವಿಯ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಜಾರಿರುತ್ತದೆ. ಆಗ ಯೂಟ್ಯೂಬ್ ಮೊದಲಾದ ಆ್ಯಪ್‌ಗಳ ಭದ್ರತಾ ಪ್ರಮಾಣಪತ್ರಗಳು ಅದಕ್ಕೆ 'ಇನ್ನೂ ಚಾಲ್ತಿಗೆ ಬಾರದವು' ಎಂದು ಕಾಣಿಸಿ, ಯಾವುದೂ ತೆರೆಯುವುದಿಲ್ಲ. ದಿನಾಂಕ, ಸಮಯವನ್ನು ಕೈಯಿಂದಲೇ ಸರಿಮಾಡಿ, ನೆಟ್ ಬಂದ ಮೇಲೆ 'ಆಟೊಮ್ಯಾಟಿಕ್'ಗೆ ಹಾಕಿ. ಅದೂ ಸರಿಯಿದ್ದರೆ ಕೊನೆಗೆ ಡಿಎನ್‌ಎಸ್, ಅಂದರೆ ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ: ಐಪಿ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಬರೆದು ನೋಡಿ. ಐಪಿ ವಿಳಾಸ ಮಾತ್ರ ತಾನಾಗಿಯೇ ಸಿಗುವಂತೆ ಬಿಡಿ. ಆಂಡ್ರಾಯ್ಡ್ ಟಿವಿಯಲ್ಲಿ ಡಿಎನ್‌ಎಸ್ ಬದಲಿಸಲು 'ಸ್ಟ್ಯಾಟಿಕ್' ಆರಿಸಬೇಕಾಗುವುದರಿಂದ, ಈಗಿರುವ ವಿಳಾಸ ಮತ್ತು ಗೇಟ್‌ವೇಯನ್ನು (ರೂಟರ್‌ನ ವಿಳಾಸ) ಮೊದಲೇ ಬರೆದಿಟ್ಟುಕೊಂಡು ಅವನ್ನೇ ತುಂಬಿ. ಬಾಯಿಗೆ ಬಂದ ಸಂಖ್ಯೆ ಹಾಕಿದರೆ ಇನ್ನೊಂದು ಫೋನಿನ ವಿಳಾಸಕ್ಕೆ ಡಿಕ್ಕಿ ಹೊಡೆದು ಎರಡೂ ನಿಲ್ಲುತ್ತವೆ.

ಕರೆಂಟ್ ಹೋಗಿ ಬಂದ ಮೇಲೆ

ನಮ್ಮಲ್ಲಿ ಅತಿ ಸಾಮಾನ್ಯವಾದ, ಆದರೆ ಯಾವ ಟಿವಿ ಕೈಪಿಡಿಯೂ ಬರೆಯದ ದೋಷ ಇದು. ಕರೆಂಟ್ ಬಂದಾಗ ಟಿವಿ ಅರ್ಧ ನಿಮಿಷದಲ್ಲಿ ಎದ್ದು ವೈಫೈ ಹುಡುಕುತ್ತದೆ. ಫೈಬರ್ ರೂಟರ್ ಪೂರ್ತಿ ಎಚ್ಚರಗೊಳ್ಳಲು ಎರಡು ಮೂರು ನಿಮಿಷ ಬೇಕು. ಟಿವಿ ಹುಡುಕಿ, ಸಿಗದೆ, ಸುಮ್ಮನಾಗಿಬಿಡುತ್ತದೆ. ಕ್ರಮ ಹೀಗಿರಲಿ: ಟಿವಿಯ ಸ್ವಿಚ್ ಗೋಡೆಯಲ್ಲೇ ಆಫ್ ಮಾಡಿ, ರೂಟರ್ ಆನ್ ಮಾಡಿ, ಪಾನ್ ದೀಪ ಸ್ಥಿರವಾಗಿ, ಫೋನ್‌ನಲ್ಲಿ ನೆಟ್ ಬಂದ ಮೇಲೆ ಟಿವಿ ಆನ್ ಮಾಡಿ. ರಿಮೋಟ್‌ನಿಂದ ಆಫ್ ಮಾಡಿದರೆ ಟಿವಿ ನಿದ್ದೆಗೆ ಜಾರುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ, ಆದ್ದರಿಂದ ಗೋಡೆಯ ಸ್ವಿಚ್ಚೇ ಬೇಕು, ಒಂದು ನಿಮಿಷವಾದರೂ.

ಎಲ್‌ಜಿ ಟಿವಿಯಲ್ಲಿ ವೈಫೈ ಆಯ್ಕೆಯೇ ಆಫ್ ಆಗಿ, ಆನ್ ಆಗಲು ಒಪ್ಪದಿದ್ದರೆ 'ಕ್ವಿಕ್ ಸ್ಟಾರ್ಟ್ ಪ್ಲಸ್' ಆಫ್ ಮಾಡಿ ಹೀಗೆಯೇ ಸ್ವಿಚ್ ತೆಗೆದು ಹಾಕಿ. ಕಾಯುವುದೇ ಬೇಡ ಎನ್ನುವವರು ರೂಟರ್‌ಗೆ ಒಂದು ಮಿನಿ ಯುಪಿಎಸ್ ಹಚ್ಚಲಿ. ಹೆಚ್ಚಿನ ರೂಟರ್‌ಗಳು 12 ವೋಲ್ಟ್‌ನವು. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಸರಿಸಮ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು.

ಸೇರಿತು, ಆದರೆ ಸುತ್ತುತ್ತಲೇ ಇದೆ

ಮೊದಲು ರೂಟರ್ ಜಾಗ. ನೆಟ್‌ನವರು ತಮಗೆ ತಂತಿ ಉಳಿಯುವ ಕಡೆ, ಅಂದರೆ ಮುಂಬಾಗಿಲ ಪಕ್ಕದಲ್ಲೇ ಮೊಳೆ ಹೊಡೆದು ಹೋಗಿರುತ್ತಾರೆ. ಹಾಕಿಸುವ ದಿನವೇ ಹಠ ಹಿಡಿದು ಮನೆಯ ನಡುಭಾಗಕ್ಕೆ, ಎದೆಯೆತ್ತರಕ್ಕೆ ಅಥವಾ ಮೇಲೆ, ಬಯಲಾಗಿ ಇಡಿಸಿಕೊಳ್ಳಿ. ಶೋಕೇಸ್ ಒಳಗೆ, ಟಿವಿಯ ಹಿಂದೆ, ಇನ್ವರ್ಟರ್ ಬ್ಯಾಟರಿಯ ಪಕ್ಕ ಇಡಬಾರದು. 2.4ರ ಚಾನೆಲ್ 1, 6, 11ರಲ್ಲಿ ಒಂದಾಗಿರಲಿ, ಅಗಲ 20 ಮೆಗಾಹರ್ಟ್ಸ್ ಇರಲಿ. ಈ ಮೂರು ಮಾತ್ರ ಒಂದರ ಮೇಲೊಂದು ಬೀಳದ ಚಾನೆಲ್‌ಗಳು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಪಟ್ಟಿ ತೆರೆದರೆ ಇಪ್ಪತ್ತು ಹೆಸರು ಬರುತ್ತವೆ. ಫೋನಿನ ವೈಫೈ ಅನಲೈಜರ್ ಆ್ಯಪ್‌ನಲ್ಲಿ ಮೂರರ ಪೈಕಿ ಯಾವುದು ಖಾಲಿಯಿದೆಯೋ ಅದನ್ನು ಹಿಡಿಯಿರಿ. ಅದೇ ಆ್ಯಪ್ ಟಿವಿಯ ಬೆನ್ನಲ್ಲಿ ಸಿಗ್ನಲ್ ಬಲಕ್ಕೆ ಮೈನಸ್ 67ಕ್ಕಿಂತ ಒಳ್ಳೆಯ ಅಂಕಿ, ಉದಾಹರಣೆಗೆ ಮೈನಸ್ 55, ತೋರಿಸಿದರೆ ಸಾಕು. ಮೈನಸ್ 75 ದಾಟಿತೆಂದರೆ ಸೆಟ್ಟಿಂಗ್‌ನಿಂದ ಏನೂ ಆಗದು.

ಸ್ಟಿಕ್ ಬಳಸುವವರಿಗೆ ಒಂದು ಮಾತು. ಟಿವಿಯ ಲೋಹದ ಬೆನ್ನಿಗೆ ಅಂಟಿ ಕೂತ ಸ್ಟಿಕ್‌ಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಡಬ್ಬದಲ್ಲಿ ಬರುವ ಗಿಡ್ಡ ಎಚ್‌ಡಿಎಂಐ ತಂತಿ ಅದಕ್ಕಾಗಿಯೇ ಇದೆ, ಬೇಡವೆಂದು ಡ್ರಾಯರ್‌ಗೆ ಎಸೆಯಬೇಡಿ. ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡದೆ ಅದರದೇ ಅಡಾಪ್ಟರ್‌ನಿಂದ ಕೊಡಿ. ಅದರ ಪಕ್ಕದ ಕಿಂಡಿಯಲ್ಲಿ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಇದ್ದರೆ ದೂರ ಸರಿಸಿ, ಅದು 2.4ರಲ್ಲೇ ಗದ್ದಲ ಎಬ್ಬಿಸುತ್ತದೆ.

ಅಂಗಡಿಯಲ್ಲಿ ಸಿಗುವ ಅಗ್ಗದ ರಿಪೀಟರ್ ಕೊಳ್ಳುವ ಮುನ್ನ ಯೋಚಿಸಿ. ಒಂದೇ ಬ್ಯಾಂಡಿನ ರಿಪೀಟರ್ ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದನ್ನು ಟಿವಿಯ ಪಕ್ಕ ಚುಚ್ಚುವುದು ಇನ್ನೂ ದೊಡ್ಡ ತಪ್ಪು. ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು.

ಅದರ ಬದಲು ರೂಟರ್‌ನಿಂದ ಟಿವಿಗೆ ನೇರ ಈಥರ್ನೆಟ್ ಕೇಬಲ್. ಟಿವಿ ಒಮ್ಮೆ ಗೋಡೆಗೆ ಏರಿದರೆ ಅಲ್ಲಿಂದ ಅಲುಗುವುದಿಲ್ಲ. ಅಲುಗದ ವಸ್ತುವಿಗೆ ತಂತಿಯೇ ಲೇಸು. ಕ್ಯಾಟ್ 5ಇ ಅಥವಾ ಕ್ಯಾಟ್ 6, 100 ಮೀಟರ್‌ವರೆಗೆ ತೊಂದರೆಯಿಲ್ಲ. ಅಂಗಡಿಯವರು ಅಲ್ಯುಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ತಂತಿ ಕೊಡುತ್ತಾರೆ, ಪೂರ್ತಿ ತಾಮ್ರದ್ದೇ ಕೇಳಿ. 230 ವೋಲ್ಟ್ ವೈರು ಇರುವ ಪೈಪಿನೊಳಗೆ ಇದನ್ನು ತೂರಿಸಬೇಡಿ. ತುದಿಗೆ ಕನೆಕ್ಟರ್ ಒತ್ತುವಾಗ ಎರಡೂ ಕಡೆ ಒಂದೇ ಕ್ರಮ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಹೆಚ್ಚಿನ ಟಿವಿಗಳ ಈಥರ್ನೆಟ್ ಕಿಂಡಿ 100 ಮೆಗಾಬಿಟ್‌ನದು. ಅದು ಬಳಸುವುದು 1, 2, 3, 6ನೇ ತಂತಿಗಳನ್ನು. ಇವುಗಳಲ್ಲಿ ಒಂದು ಸರಿಯಾಗಿ ಕೂರದಿದ್ದರೂ ದೀಪ ಹತ್ತುವುದಿಲ್ಲ. 100 ಕಡಿಮೆಯಾಯಿತೆಂಬ ಚಿಂತೆ ಬೇಡ, 4ಕೆ ಸ್ಟ್ರೀಮಿಂಗ್‌ಗೆ ಅದು ಧಾರಾಳ.

ಮೇಲ್ಮಹಡಿಯ ಟಿವಿಗೆ, ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ರೂಟರನ್ನು ಹೀಗೆ ಬಳಸಬಹುದು:

1. ಹಳೆಯದನ್ನು ಪಿನ್ನಿನಿಂದ 10 ಸೆಕೆಂಡ್ ಒತ್ತಿ ರೀಸೆಟ್ ಮಾಡಿ, ಅದರ ಪುಟ ತೆರೆಯಿರಿ.
2. ಮುಖ್ಯ ರೂಟರ್ 192.168.1.1 ಆಗಿದ್ದರೆ ಇದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ.
3. ಡಿಎಚ್‌ಸಿಪಿ ಆಫ್ ಮಾಡಿ. ಇದನ್ನು ಮರೆತರೆ ವಿಳಾಸ ಹಂಚುವವರು ಇಬ್ಬರಾಗಿ ಮನೆಯ ನೆಟ್ಟೆಲ್ಲ ಕೆಡುತ್ತದೆ.
4. ವೈಫೈ ಹೆಸರು, ಪಾಸ್‌ವರ್ಡ್ ಮುಖ್ಯ ರೂಟರ್‌ನದೇ ಇರಲಿ. ಚಾನೆಲ್ ಬೇರೆ ಇರಲಿ.
5. ಮುಖ್ಯ ರೂಟರ್‌ನ ಲ್ಯಾನ್ ಕಿಂಡಿಯಿಂದ ಇದರ ಲ್ಯಾನ್ ಕಿಂಡಿಗೆ ಕೇಬಲ್ ಎಳೆಯಿರಿ. ಬಣ್ಣ ಬೇರೆ ಇರುವ ವ್ಯಾನ್ ಕಿಂಡಿ ಖಾಲಿ ಇರಲಿ.

ಮೊಬೈಲ್ ಹಾಟ್‌ಸ್ಪಾಟ್, ಮತ್ತು ಕಾಸ್ಟ್

ಫೈಬರ್ ಇಲ್ಲದ ಊರುಗಳಲ್ಲಿ ಟಿವಿಗೆ ಫೋನೇ ರೂಟರ್. ಹಾಟ್‌ಸ್ಪಾಟ್‌ನ ಹೆಸರು ಟಿವಿಗೆ ಕಾಣದಿದ್ದರೆ ಬ್ಯಾಂಡನ್ನು 2.4ಕ್ಕೆ ಇಳಿಸಿ, ಐಫೋನ್ 12 ಮತ್ತು ನಂತರದವುಗಳಲ್ಲಿ 'ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ' ಆನ್ ಮಾಡಬೇಕು. ಡೇಟಾ ಲೆಕ್ಕ ಮಾತ್ರ ನೆನಪಿರಲಿ. ನೆಟ್‌ಫ್ಲಿಕ್ಸ್‌ನಲ್ಲಿ ಎಚ್‌ಡಿ ಗಂಟೆಗೆ 3 ಜಿಬಿವರೆಗೆ, 4ಕೆ 7 ಜಿಬಿವರೆಗೆ ನುಂಗುತ್ತದೆ. ದಿನಕ್ಕೆ 2 ಜಿಬಿ ಪ್ಲ್ಯಾನ್ ಆದರೆ 4ಕೆಯಲ್ಲಿ ಹದಿನೇಳು ನಿಮಿಷಕ್ಕೆ ಮುಗಿಯಿತು. ಆ್ಯಪ್ ಒಳಗೇ ಗುಣಮಟ್ಟವನ್ನು 480ಕ್ಕೆ ಇಳಿಸಿಕೊಳ್ಳಿ, ಮತ್ತು ಟಿವಿಯ ಆಟೊ ಅಪ್‌ಡೇಟ್ ಆಫ್ ಮಾಡಿ. ಇಲ್ಲದಿದ್ದರೆ ನೀವು ಧಾರಾವಾಹಿ ಹಚ್ಚುವ ಮೊದಲೇ ಟಿವಿ ತನ್ನ ಆ್ಯಪ್‌ಗಳಿಗೆ ಆ ದಿನದ ಪಾಲನ್ನು ಉಣ್ಣಿಸಿರುತ್ತದೆ.

ಫೋನಿನಿಂದ ಟಿವಿಗೆ ಕಾಸ್ಟ್ ಮಾಡುವ (ಫೋನಿನ ವಿಡಿಯೊವನ್ನು ಟಿವಿಯಲ್ಲಿ ಹಚ್ಚುವ) ಗುರುತು ಕಾಣದಿದ್ದರೆ ಎರಡೂ ಒಂದೇ ನೆಟ್‌ವರ್ಕ್‌ನಲ್ಲಿ ಇಲ್ಲದಿರಬಹುದು. ಟಿವಿಯನ್ನು 'ಗೆಸ್ಟ್' ವೈಫೈಗೆ ಸೇರಿಸಿದ್ದರೆ ರೂಟರ್ ಬೇಕೆಂದೇ ಅವನ್ನು ಬೇರ್ಪಡಿಸುತ್ತದೆ. ಫೋನ್‌ನಲ್ಲಿ ವಿಪಿಎನ್ ಓಡುತ್ತಿದ್ದರೂ ಇದೇ ಗತಿ. ಒಂದು 2.4ರಲ್ಲಿ, ಇನ್ನೊಂದು 5ರಲ್ಲಿ ಇದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ರೂಟರ್ ಒಂದೇ ಆಗಿರಬೇಕಷ್ಟೇ. ಆದರೂ ಕಾಣದಿದ್ದರೆ ರೂಟರ್‌ನ ಪುಟದಲ್ಲಿ, ಸಾಧನಗಳು ಒಂದನ್ನೊಂದು ಕಾಣದಂತೆ ತಡೆಯುವ 'ಎಪಿ ಐಸೊಲೇಷನ್' ಆನ್ ಆಗಿದೆಯೇ ನೋಡಿ, ಆಫ್ ಮಾಡಿ, ಟಿವಿಯನ್ನು ಒಮ್ಮೆ ಗೋಡೆಯ ಸ್ವಿಚ್‌ನಿಂದ ಆರಿಸಿ ಹೊತ್ತಿಸಿ.